ರಾತ್ರಿ ಕಾಡಿಗೆ, ಬೆಳಿಗ್ಗೆ ಶಿಬಿರಕ್ಕೆ

2022ರ ಸೆಪ್ಟೆಂಬರಿನಲ್ಲಿ, ದಸರೆಗೆ ಇನ್ನೇನು ಕೆಲವೇ ದಿನ ಇರುವಾಗ, ಮೈಸೂರು ಅರಮನೆಯ ಆವರಣದಲ್ಲೇ ಲಕ್ಷ್ಮಿ ಮರಿ ಹಾಕಿದಳು. ಬಂಡೀಪುರದ ರಾಮಾಪುರ ಶಿಬಿರದಿಂದ ಗಜಪಡೆಯ ಜೊತೆ ಬಂದಿದ್ದ ಆನೆ ಅವಳು. ಗಂಡು ಮರಿ. ಶ್ರೀದತ್ತಾತ್ರೇಯ ಅಂತ ಹೆಸರಿಟ್ಟರು. ಇಡೀ ಮೈಸೂರಿಗೆ ಖುಷಿಯೋ ಖುಷಿ. ಆ ಗದ್ದಲದಲ್ಲಿ ಒಂದು ಮಾತು ಸುಮ್ನೆ ಪಕ್ಕಕ್ಕೆ ಸರಿದುಹೋಯಿತು. ಆನೆ ಬಸಿರು ಹೊರುವುದು ಸುಮಾರು 22 ತಿಂಗಳು. ಅಷ್ಟೂ ಕಾಲ ಅವಳ ಮೈ ತಿಕ್ಕಿದ ಕಾವಾಡಿ (ಮಾವುತನ ಸಹಾಯಕ), ಕತ್ತಿನ ಮೇಲೆ ಕೂತ ಮಾವುತ, ದಸರೆಗೆ ಯಾವ ಆನೆ ಸರಿ ಅಂತ ಆರಿಸಿದವರು, ಅರಮನೆಗೆ ಬಂದ ಮೇಲೆ ದಿನಾ ನೋಡುತ್ತಿದ್ದವರು, ಯಾರಿಗೂ ಅವಳು ಬಸಿರಿ ಅನ್ನೋದು ಗೊತ್ತಾಗಿರಲಿಲ್ಲ. ಆಮೇಲೆ ದಸರೆಗೆ ಬರುವ ಹೆಣ್ಣಾನೆಗಳಿಗೆ ಗರ್ಭಪರೀಕ್ಷೆ ಮಾಡಿಸುವ ಪದ್ಧತಿ ಬಂತು.

ಯಾರನ್ನೋ ದೂರೋಕೆ ಈ ಮಾತು ಎತ್ತಿದ್ದಲ್ಲ. ಮೂರು ಸಾವಿರ ಕಿಲೋದ ಒಂದು ಜೀವ ನಮ್ಮ ಕಣ್ಣೆದುರೇ ಓಡಾಡಿಕೊಂಡು, ಹೇಳಿದ ಮಾತು ಕೇಳಿಕೊಂಡು, ಒಳಗೆ ಇಷ್ಟು ದೊಡ್ಡ ಸಂಗತಿಯನ್ನು ತನ್ನ ಪಾಡಿಗೆ ಇಟ್ಟುಕೊಂಡಿತ್ತು, ಅಲ್ವಾ? ಈ ಸಂಗತಿ ಮರಿಯಾಗಿ ಹೊರಬಂದಿದ್ದಕ್ಕೆ ನಾವು ಅದನ್ನು ಶುಭಶಕುನ ಅಂದೆವು. ಬೇರೆ ರೂಪದಲ್ಲಿ ಹೊರಬಂದಾಗ ನಮ್ಮ ಬಾಯಲ್ಲಿ ಬೇರೆ ಮಾತು ಬರುತ್ತದೆ.

ಎರಡು ವರ್ಷ ಆದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಅದೇ ಅರಮನೆಯಲ್ಲಿ ಹಾಗೇ ಆಯಿತು. ಸಂಜೆ ಊಟದ ಹೊತ್ತಿಗೆ ಧನಂಜಯ ಮತ್ತು ಕಂಜನ್ ಅನ್ನುವ ಎರಡು ಗಂಡಾನೆಗಳ ನಡುವೆ ಏನೋ ಕಿರಿಕ್ ಆಗಿ, ಧನಂಜಯ ಕಂಜನ್‌ನನ್ನು ಅಟ್ಟಿಸಿಕೊಂಡು ಹೋದ. ಕಂಜನ್ ಮಾವುತನಿಲ್ಲದೆ ಜಯಮಾರ್ತಾಂಡ ದ್ವಾರ ದಾಟಿ ರಸ್ತೆಗೇ ಬಂದುಬಿಟ್ಟ, ಹಿಂದೆ ಧನಂಜಯ, ಅವನ ಕತ್ತಿನ ಮೇಲೆ ಮಾವುತ. ಎದುರಿಗೆ ವಾಹನಗಳು, ಜನ, ದೀಪಗಳು. ಯಾರಿಗೂ ಏನೂ ಆಗಲಿಲ್ಲ. ಧನಂಜಯನ ಮೇಲಿದ್ದ ಮಾವುತ ಕೆಳಗೆ ಹಾರದೆ ಕೂತೇ ಅವನನ್ನು ತಡೆದು ನಿಲ್ಲಿಸಿದರು, ಆಮೇಲೆ ಇಬ್ಬರನ್ನೂ ವಾಪಸ್ ಒಳಗೆ ಕರೆದುಕೊಂಡು ಹೋದರು. ಮೊಬೈಲ್‌ನಲ್ಲಿ ಹಿಡಿದ ವಿಡಿಯೋ ರಾತ್ರಿಯೊಳಗೆ ಎಲ್ಲರ ವಾಟ್ಸಾಪ್‌ಗೆ ಬಂತು. 'ಆನೆಗೆ ತಲೆ ಕೆಟ್ಟಿದೆ', 'ಇದ್ದಕ್ಕಿದ್ದಂತೆ ಹೀಗ್ಯಾಕೆ', 'ಪಳಗಿದ ಆನೆ ಅಂದ್ರೆ ಇದೇನಾ'. ಒಬ್ಬರು ನನಗೆ ಫೋನ್ ಮಾಡಿ ಕೇಳಿದ್ದೂ ಇದನ್ನೇ, ನಾನು ಹುಣಸೂರು ಕಡೆಯವನು ಅನ್ನೋ ಒಂದೇ ಕಾರಣಕ್ಕೆ.

ಇಬ್ಬರೂ ಹಾಸನದ ಕಾಡಂಚಿನಲ್ಲಿ ಹಿಡಿದು ತಂದವರು, ಈ ಜಗಳಕ್ಕೆ ಸುಮಾರು ಹತ್ತು ವರ್ಷ ಮುಂಚೆ. ಅಂದರೆ ಅದಕ್ಕೂ ಮುಂಚಿನ ಪೂರ್ತಿ ಬದುಕು, ಹುಟ್ಟು, ತಾಯಿ, ಹಿಂಡು ಬಿಟ್ಟು ಹೊರಬಂದ ವಯಸ್ಸು, ಕಾಫಿ ತೋಟಗಳ ರಾತ್ರಿಗಳು, ಪಟಾಕಿ, ಎಲ್ಲ ಕಳೆದದ್ದು ಅಲ್ಲಿ. ಆ ಲೆಕ್ಕ ಹಿಡಿದರೆ ಧನಂಜಯ ನಮ್ಮ ಜೊತೆ ಇರೋಕೆ ಶುರುಮಾಡಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಎರಡು ಗಂಡಾನೆಗಳು ಕಾಡಿನಲ್ಲಿ ಎದುರಾದರೆ ಮಾಡುವುದನ್ನೇ ಅವು ಅರಮನೆಯಲ್ಲೂ ಮಾಡಿದವು. ಜಾಗ ಮಾತ್ರ ಬೇರೆ.

ನಮ್ಮ ಕಡೆ ಆನೆ ಶಿಬಿರಗಳ ಬಗ್ಗೆ ಪೇಟೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ, ನನಗಂತೂ ಇಡೀ ವಿಷಯದಲ್ಲಿ ಇದೇ ಮುಖ್ಯ ಅನ್ನಿಸುತ್ತದೆ. ಮತ್ತಿಗೋಡು, ಬಳ್ಳೆ, ದುಬಾರೆ, ಸಕ್ರೆಬೈಲು, ಎಲ್ಲೇ ಹೋಗಿ, ಹಗಲು ನೀವು ನೋಡುವ ಆನೆ ರಾತ್ರಿ ಅಲ್ಲಿರುವುದಿಲ್ಲ. ಸಂಜೆ ಸ್ನಾನ ಆಗಿ, ರಾಗಿ ಮುದ್ದೆ, ಬೆಲ್ಲ, ಹುರುಳಿ ತಿಂದಾದ ಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಕಾಲಿಗೆ ಒಂದು ಉದ್ದನೆಯ ಸರಪಳಿ ಇರುತ್ತದೆ, ಎಳೆದುಕೊಂಡೇ ಹೋಗಬೇಕು. ಇಷ್ಟು ದೊಡ್ಡ ಹೊಟ್ಟೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ತುಂಬಿಸೋಕೆ ಆಗುವುದಿಲ್ಲ, ಸೊಪ್ಪು, ಬಿದಿರು, ತೊಗಟೆ ಅದು ತಾನೇ ಹುಡುಕಿ ತಿನ್ನಬೇಕು. ಹಾಗಾಗಿ ಪಳಗಿದ ಆನೆ ರಾತ್ರಿಯಿಡೀ ಕಾಡಾನೆಗಳ ನಡುವೆ ಕಾಡಿನಲ್ಲಿರುತ್ತದೆ. ಶಿಬಿರದ ಹೆಣ್ಣಾನೆಗಳು ಬಸಿರಾಗುವುದು ಎಷ್ಟೋ ಸಲ ಅಲ್ಲಿನ ಸಲಗಗಳಿಂದಲೇ.

ಬೆಳಿಗ್ಗೆ ಕಾವಾಡಿ ಹುಡುಕಿಕೊಂಡು ಹೊರಡುತ್ತಾನೆ. ನಾನೊಮ್ಮೆ ಅಂಥ ಒಬ್ಬರ ಹಿಂದೆ ಸ್ವಲ್ಪ ದೂರ ಹೋಗಿದ್ದೆ, ರಸ್ತೆ ಕಾಣುವಷ್ಟು ದೂರ ಮಾತ್ರ, ಅದಕ್ಕಿಂತ ಮುಂದೆ ನನ್ನನ್ನು ಬಿಡಲಿಲ್ಲ. ರಾತ್ರಿ ಮಳೆ ಬಂದಿತ್ತು. ಕೆಂಪು ಮಣ್ಣಿನಲ್ಲಿ ಸರಪಳಿ ಎಳೆದ ಗುರುತು ಸಪೂರಕ್ಕೆ ಹಾವು ಹರಿದ ಹಾಗೆ ಹೋಗಿತ್ತು. ಒಂದು ಕಡೆ ಗುರುತು ಎರಡು ಸುತ್ತು ಹಾಕಿ ಬಿದಿರು ಮೆಳೆಯ ಹತ್ತಿರ ನಿಂತಿತ್ತು, ಅಲ್ಲಿ ಎಳೆ ಬಿದಿರು ಮುರಿದು ಚೆಲ್ಲಿತ್ತು. ಅವರು ಲದ್ದಿಯನ್ನು ಕಾಲಿನಿಂದ ಒಡೆದು, ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದರು. ತಣ್ಣಗಾಗಿದೆ, ರಾತ್ರಿಯದು ಅಂದರು. ಆ ಗುರುತಿನ ಪಕ್ಕದಲ್ಲೇ ಸರಪಳಿ ಇಲ್ಲದ ಇನ್ನೊಂದು ಹೆಜ್ಜೆ ಇತ್ತು, ಇವನದಕ್ಕಿಂತ ದೊಡ್ಡದು. ಅವರು ಅದನ್ನು ನೋಡಿದರು, ಏನೂ ಹೇಳಲಿಲ್ಲ, ನನ್ನನ್ನು ಮಾತ್ರ ವಾಪಸ್ ಹೋಗಿ ಅಂದರು.

ಆಮೇಲೆ ಚಹಾ ಕುಡಿಯುವಾಗ ಕೇಳಿದೆ, ಆ ದೊಡ್ಡ ಹೆಜ್ಜೆಯದು ಜೊತೆಗಿದ್ದರೆ ಏನು ಮಾಡ್ತೀರಿ ಅಣ್ಣ ಅಂತ. 'ಮರ ಹತ್ತಿ ಕೂತ್ಕೊಳದು. ಅದು ಹೋಗೋವರ್ಗೂ. ಒಂದೊಂದ್ ದಿವ್ಸ ಹನ್ನೆರಡಾಯ್ತದೆ ಸಾರ್.' ಆಮೇಲೆ ನಗುತ್ತಾ ಇನ್ನೊಂದು ಮಾತು ಹೇಳಿದರು. ಹೆಸರು ಹಿಡಿದು ಕೂಗಿದರೆ ಕೆಲವು ಆನೆ ಹೂಂಗುಟ್ಟಿ ಬರುತ್ತವಂತೆ. ಕೆಲವಕ್ಕೆ ಇಷ್ಟ ಇರದಿದ್ದರೆ ಅಲ್ಲೇ ಮೆಳೆಯ ಹಿಂದೆ ಕಾಲು ಅಲುಗಿಸದೆ ನಿಂತುಬಿಡುತ್ತವಂತೆ, ಸರಪಳಿ ಸದ್ದಾಗಬಾರದಲ್ಲ ಅದಕ್ಕೆ. ಇದು ಎಷ್ಟು ನಿಜವೋ, ಎಷ್ಟು ಅವರ ಪ್ರೀತಿಯೋ, ಕೇಳೋಕೆ ಚೆನ್ನಾಗಿತ್ತು.

ಅವರು ಜೇನುಕುರುಬರು. ಅವರ ತಂದೆಯೂ ಆನೆ ಕೆಲಸದಲ್ಲೇ ಇದ್ದವರು. ಮೊದಲು ಕಾವಾಡಿಯಾಗಿ ಸೇರಿ ಆಮೇಲೆ ಮಾವುತರಾದವರು. ಆದರೂ ಬೆಳಿಗ್ಗೆ ಹುಡುಕೋಕೆ ಕೆಲವು ಸಲ ತಾವೇ ಹೋಗುತ್ತಾರೆ. ಒಂದು ಆನೆಗೆ ಇಬ್ಬರು, ಮಾವುತ ಮೇಲೆ ಕೂತು ನಡೆಸುವವನು, ಕಾವಾಡಿ ಸೊಪ್ಪು ತರುವವನು, ಮೈ ತೊಳೆಯುವವನು, ಕಾಯುವವನು. ಒಬ್ಬರಿಲ್ಲದ ದಿನ ಇನ್ನೊಬ್ಬರ ಮಾತನ್ನಾದರೂ ಆನೆ ಕೇಳಬೇಕಲ್ಲ. ಮೂರನೆಯವರ ಮಾತು ಕೇಳಬೇಕು ಅನ್ನೋ ಒಪ್ಪಂದ ಏನೂ ಇಲ್ಲ.

ಇಷ್ಟು ವರ್ಷ ಒಂದೇ ಆನೆಯ ಜೊತೆ ಇದ್ದ ಮನುಷ್ಯ ಅದರ ಹತ್ತಿರ ಹೋಗುವ ರೀತಿಯನ್ನು ನಾನು ಗಮನಿಸಿ ನೋಡಿದ್ದೇನೆ. ಮೊದಲು ದೂರದಿಂದಲೇ ಮಾತಾಡಿಸುತ್ತಾರೆ. ಹಿಂದಿನಿಂದ ಹೋಗುವುದಿಲ್ಲ, ಸುತ್ತು ಬಳಸಿ ಎದುರಿಗೆ ಬರುತ್ತಾರೆ. ಕೈ ಚಾಚುತ್ತಾರೆ. ಸೊಂಡಿಲಿನ ತುದಿ ಬಂದು ಆ ಕೈಯನ್ನು, ಆಮೇಲೆ ಅಂಗಿಯನ್ನು, ಕಂಕುಳನ್ನು ಮೂಸುತ್ತದೆ. ಅಷ್ಟು ಹೊತ್ತು ನಿಲ್ಲುತ್ತಾರೆ. ಅದಾದ ಮೇಲೇ ಪಕ್ಕಕ್ಕೆ ಹೋಗಿ ಕಿವಿಯ ಹಿಂದೆ ತಟ್ಟುವುದು. ನೀರಿನಲ್ಲಿ ಮಗ್ಗುಲಾಗಿ ಮಲಗಿಸಿ ಮೈ ತಿಕ್ಕುವಾಗ ಕೂಡ ಬೆನ್ನಿನ ಕಡೆಯೇ ನಿಂತಿರುತ್ತಾರೆ, ಕಾಲುಗಳ ಕಡೆ ಹೋದರೆ ಕಣ್ಣು ಆನೆಯ ಮೇಲೇ ಇರುತ್ತದೆ. ನಂಬಿಕೆ ಇಲ್ಲ ಅಂತಲ್ಲ. ಆ ನಂಬಿಕೆಯನ್ನು ಅವರು ದಿನಾ ಬೆಳಿಗ್ಗೆ ಹೊಸದಾಗಿ ಕೇಳಿ ತೆಗೆದುಕೊಳ್ಳುತ್ತಾರೆ. ನಿನ್ನೆ ಕೊಟ್ಟಿದ್ದು ಇವತ್ತಿಗೂ ಇರುತ್ತದೆ ಅಂದುಕೊಳ್ಳುವುದಿಲ್ಲ.

ನಾವು ನಾಯಿ, ಹಸು ನೋಡಿ ಬೆಳೆದವರು. ಅದಕ್ಕೇ ಆನೆಯ ವಿಷಯದಲ್ಲಿ ನಮ್ಮ ಅಂದಾಜು ತಪ್ಪುತ್ತದೆ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯರ ಅಂಗಳದಲ್ಲೇ ಹುಟ್ಟಿ, ಕಚ್ಚುವಂಥದ್ದು ಹೊರಗಾಗಿ, ಬಾಲ ಅಲ್ಲಾಡಿಸುವಂಥದ್ದು ಉಳಿದು, ಹಾಗೇ ತಲೆಮಾರು ತಲೆಮಾರು ಮೂಲಕ ಬದಲಾದ ಪ್ರಾಣಿ. ಸೋವಿಯತ್ ಒಕ್ಕೂಟದಲ್ಲಿ ದ್ಮಿತ್ರಿ ಬೆಲ್ಯಾಯೆವ್ ಅನ್ನುವ ವಿಜ್ಞಾನಿ 1959ರಲ್ಲಿ ಬೆಳ್ಳಿ ನರಿಗಳ ಮೇಲೆ ಇದನ್ನೇ ಮಾಡಿ ತೋರಿಸೋಕೆ ಹೊರಟರು. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಅತಿ ಕಡಿಮೆ ಹೆದರುವ, ಅತಿ ಕಡಿಮೆ ಕೆರಳುವ ಮರಿಗಳನ್ನಷ್ಟೇ ಆರಿಸಿ ಮುಂದಿನ ಪೀಳಿಗೆ ಬೆಳೆಸಿದರು. ಕೆಲವೇ ತಲೆಮಾರುಗಳಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ನರಿಗಳು ಹುಟ್ಟಿದವು. ಆ ನರಿ ರಕ್ತದಲ್ಲೇ ಬೇರೆ.

ಆನೆಯ ವಿಷಯದಲ್ಲಿ ಯಾರೂ ಎಂದೂ ಇದನ್ನು ಮಾಡಲಿಲ್ಲ, ಮಾಡೋಕೂ ಆಗುತ್ತಿರಲಿಲ್ಲ. ಒಂದು ಮರಿ ಹುಟ್ಟೋಕೆ ಎರಡು ವರ್ಷ, ಅದು ದೊಡ್ಡದಾಗಿ ಮರಿ ಮಾಡೋಕೆ ಮತ್ತೆ ಹತ್ತು ಹದಿನೈದು ವರ್ಷ. ಅದಕ್ಕಿಂತ ಕಾಡಿನಲ್ಲಿ ಬೆಳೆದದ್ದನ್ನು ಹಿಡಿದು ತರುವುದೇ ಸುಲಭ ಅಂತ ರಾಜರು, ಬ್ರಿಟಿಷರು, ಆಮೇಲೆ ನಾವು, ಎಲ್ಲರೂ ಹಿಡಿದೇ ತಂದೆವು. ಮೈಸೂರು ಸೀಮೆಯಲ್ಲಿ 1870ರ ದಶಕದಲ್ಲಿ ಸ್ಯಾಂಡರ್ಸನ್ ಅನ್ನುವ ಬ್ರಿಟಿಷ್ ಅಧಿಕಾರಿ ಖೆಡ್ಡಾ, ಅಂದರೆ ಆನೆ ಹಿಂಡನ್ನೇ ಅಟ್ಟಿ ದೊಡ್ಡಿಗೆ ನುಗ್ಗಿಸಿ ಹಿಡಿಯುವುದನ್ನು ಶುರುಮಾಡಿದ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಈಗ ಖೆಡ್ಡಾ ಇಲ್ಲ, ಬೆಳೆ ತಿನ್ನುವ, ಜನರ ಮೇಲೆ ಬಿದ್ದ ಆನೆಗಳನ್ನು ಅರಿವಳಿಕೆ ಕೊಟ್ಟು ಹಿಡಿಯುತ್ತಾರೆ. ಹಾಗಾಗಿ ಪ್ರತಿ ಆನೆಯದೂ ಮೊದಲಿಂದ ಶುರು. ಅಂಬಾರಿ ಹೊತ್ತ ಆನೆಯ ರಕ್ತಕ್ಕೂ ಕಬ್ಬಿನ ಗದ್ದೆಗೆ ನುಗ್ಗಿದ ಆನೆಯ ರಕ್ತಕ್ಕೂ ಏನೇನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದೆಲ್ಲ ಆ ಒಂದು ಆನೆ ಮತ್ತು ಅದರ ಇಬ್ಬರು ಮನುಷ್ಯರ ನಡುವೆ.

ಆ ವ್ಯತ್ಯಾಸ ಹುಟ್ಟುವುದು ಕ್ರಾಲ್‌ನಲ್ಲಿ. ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ, ಒಂದು ಆನೆ ಹಿಡಿಯುವಷ್ಟೇ ಅಗಲದ ದೊಡ್ಡಿ. ಮೊದಲ ದಿನಗಳಲ್ಲಿ ಆನೆ ಹಣೆಯಿಂದ ದಿಮ್ಮಿ ಗುದ್ದುತ್ತದೆ, ಇಡೀ ದೊಡ್ಡಿ ಅಲ್ಲಾಡುತ್ತದೆ. ಹೊರಗೆ ಮಾವುತ ಕೂತಿರುತ್ತಾನೆ. ಕಬ್ಬು ಎಸೆಯುತ್ತಾನೆ, ಮಾತಾಡುತ್ತಾನೆ, ಅಲ್ಲೇ ಮಲಗುತ್ತಾನೆ. ಎಷ್ಟೋ ದಿನಕ್ಕೆ ಎಸೆದ ಕಬ್ಬನ್ನು ತಿನ್ನುತ್ತದೆ, ಇನ್ನೆಷ್ಟೋ ದಿನಕ್ಕೆ ಕೈಯಿಂದ ತೆಗೆದುಕೊಳ್ಳುತ್ತದೆ. ಬೆಲ್ಲ ಇದ್ದ ಹಾಗೆ ಕೋಲೂ ಇರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಹೊರಗೆ ಬರುವ ಆನೆಗೆ ಬೈಠ್ ಅಂದರೆ ಏನು ಅಂತ ಗೊತ್ತಿರುತ್ತದೆ (ನಮ್ಮ ಆನೆಗಳಿಗೆ ಹಿಂದಿ ನಮಗಿಂತ ಮುಂಚೆ ಬಂತು), ಯಾರು ಅನ್ನ ಕೊಡುವವನು ಅಂತ ಗೊತ್ತಿರುತ್ತದೆ. ಕಾಡು ಅಂದರೆ ಏನು ಅನ್ನೋದೂ ಗೊತ್ತೇ ಇರುತ್ತದೆ. ಅದನ್ನು ಮರೆಸುವ ಕ್ರಾಲ್ ಇನ್ನೂ ಯಾರೂ ಕಟ್ಟಿಲ್ಲ.

ಆಮೇಲೆ ಮದ. ಶಿಬಿರದಲ್ಲಿ ಮಸ್ತಿ ಅನ್ನುತ್ತಾರೆ. ಕಣ್ಣಿಗೂ ಕಿವಿಗೂ ನಡುವೆ ಕೆನ್ನೆಯಲ್ಲಿ ಒಂದು ಗ್ರಂಥಿ ಇದೆ. ಬೆಳೆದ, ಚೆನ್ನಾಗಿ ಉಂಡುಂಡು ಗಟ್ಟಿಯಾಗಿರುವ ಗಂಡಾನೆಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅದು ಊದಿಕೊಳ್ಳುತ್ತದೆ. ಮೊದಲು ಒಂದು ಸಣ್ಣ ಒದ್ದೆ ಮಚ್ಚೆ ಅಷ್ಟೇ, ಬೆವರು ಅಂದುಕೊಳ್ಳಬೇಕು ಹಾಗೆ. ಆಮೇಲೆ ಎಣ್ಣೆಯಂಥ ದ್ರವ ಕೆನ್ನೆಯುದ್ದಕ್ಕೂ ಇಳಿದು ಕಪ್ಪು ಗೆರೆಯಾಗುತ್ತದೆ, ಬಾಯಿಯ ಹತ್ತಿರ ಬರುತ್ತದೆ. ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ, ಹಿಂಗಾಲೆಲ್ಲ ಒದ್ದೆ. ಮೈಯಲ್ಲಿ ಗಂಡು ಹಾರ್ಮೋನು ಮಾಮೂಲಿಗಿಂತ ಎಷ್ಟೋ ಪಟ್ಟು ಏರಿರುತ್ತದೆ. ಕೆಲವು ವಾರ, ಕೆಲವಕ್ಕೆ ತಿಂಗಳುಗಟ್ಟಲೆ. ಆಗ ಅವನನ್ನು ದೂರ ಕಟ್ಟಿ, ಗಟ್ಟಿ ತಿಂಡಿ ಕಡಿಮೆ ಮಾಡಿ, ಸೊಪ್ಪು ನೀರನ್ನು ದೂರದಿಂದಲೇ ತಳ್ಳುತ್ತಾರೆ. ನಿನ್ನೆವರೆಗೂ ಕಾಲು ಮಡಚಿ ಮೆಟ್ಟಿಲು ಮಾಡಿಕೊಟ್ಟ ಆನೆ ಅದೇ ಮಾವುತನಿಗೆ ಸೊಂಡಿಲು ಬೀಸಿದರೆ ಮಾವುತ ಬೇಜಾರು ಮಾಡಿಕೊಳ್ಳುವುದಿಲ್ಲ. ಗೆರೆ ಒಣಗಲಿ ಅಂತ ಕಾಯುತ್ತಾನೆ.

ಹಾಗಂತ ಎಲ್ಲದಕ್ಕೂ ಮದವೇ ಕಾರಣ ಅಂದುಕೊಂಡರೆ ಅದೂ ಸುಲಭದ ಉತ್ತರವೇ. ಮದವಿಲ್ಲದ ಆನೆಯೂ, ಹೆಣ್ಣಾನೆಯೂ ಮನುಷ್ಯರನ್ನು ಕೊಂದದ್ದಿದೆ. ಬೆಚ್ಚಿ ಬಿದ್ದದ್ದು, ನೋವಿದ್ದದ್ದು, ಪಕ್ಕದ ಆನೆಯ ಮೇಲಿನ ಹಳೇ ಸಿಟ್ಟು, ಹೊಸ ಮಾವುತ. ಕೆಲವು ಸಲ ಕಾರಣ ಹೇಳುವವರೇ ಉಳಿದಿರುವುದಿಲ್ಲ.

ಅರ್ಜುನನ ಬಗ್ಗೆ ಬರೆಯದೆ ಈ ಬರಹ ಮುಂದಕ್ಕೆ ಹೋಗುವುದಿಲ್ಲ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 1996ರ ದಸರಾ ಕಾಲದಲ್ಲಿ ಸ್ನಾನಕ್ಕೆ ಹೋಗುವಾಗ ಇನ್ನೊಂದು ಆನೆಯ ಮಾವುತರೊಬ್ಬರು ಇವನ ಕಾಲಿಗೆ ಸಿಕ್ಕು ತೀರಿಕೊಂಡರು. ಪುಂಡ ಅನ್ನೋ ಹೆಸರು ಬಂತು, ದಸರೆಯಿಂದ ದೂರ ಇಟ್ಟರು. ಅದೇ ಅರ್ಜುನ 2012ರಿಂದ 2019ರವರೆಗೆ ಎಂಟು ಸಲ 750 ಕಿಲೋದ ಚಿನ್ನದ ಅಂಬಾರಿ ಹೊತ್ತ. ಬೀದಿಯ ಎರಡೂ ಬದಿಗೆ ಲಕ್ಷಾಂತರ ಜನ, ಕುಶಾಲತೋಪಿನ ಸದ್ದು, ಬ್ಯಾಂಡು, ಹೂವು. ಒಂದು ಹೆಜ್ಜೆ ತಪ್ಪಲಿಲ್ಲ. ಆ ಎಂಟು ವರ್ಷ ಬನ್ನಿಮಂಟಪದ ದಾರಿಯಲ್ಲಿ ನಿಂತು ಕೈ ಮುಗಿದವರಲ್ಲಿ ಎಷ್ಟು ಜನಕ್ಕೆ 1996 ನೆನಪಿತ್ತೋ. ಮಾವುತರಿಗೆ ಮಾತ್ರ ನೆನಪಿತ್ತು. ಅವನ ಹತ್ತಿರ ಹೋಗುವಾಗ ಉಳಿದ ಆನೆಗಳ ಕಾವಾಡಿಗಳು ಇಟ್ಟುಕೊಳ್ಳುತ್ತಿದ್ದ ಅಂತರ ಸ್ವಲ್ಪ ಜಾಸ್ತಿಯೇ ಇರುತ್ತಿತ್ತು, ನೋಡುವವರಿಗೆ ಕಾಣುತ್ತಿತ್ತು.

ಅರವತ್ತು ದಾಟಿದ ಆನೆಗೆ ಭಾರ ಹೊರಿಸಬಾರದು ಅಂತ 2020ರಿಂದ ಅಂಬಾರಿ ಅಭಿಮನ್ಯುವಿಗೆ ಹೋಯಿತು. ಭಾರ ಹೊರೋಕೆ ವಯಸ್ಸಾಯಿತು ಅನ್ನಿಸಿಕೊಂಡ ಅರ್ಜುನನನ್ನು ಕಾಡಾನೆ ಹಿಡಿಯುವ ಕೆಲಸಕ್ಕೆ ಮಾತ್ರ ಕರೆದುಕೊಂಡು ಹೋದರು. ಇದು ನನಗೆ ಇವತ್ತಿಗೂ ಅರ್ಥವಾಗದ ಲೆಕ್ಕ. 2023ರ ಡಿಸೆಂಬರ್ 4, ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ. ಕಾರ್ಯಾಚರಣೆ ನಡೆಯುತ್ತಿರುವಾಗ ಮದದಲ್ಲಿದ್ದ ಒಂದು ಕಾಡು ಸಲಗ ಮೇಲೆ ಬಿತ್ತು. ಬೇರೆ ಕುಮ್ಕಿ ಆನೆಗಳು (ಕಾಡಾನೆ ಹಿಡಿಯೋಕೆ ಬಳಸುವ ಪಳಗಿದ ಆನೆಗಳು) ಹಿಂದೆ ಸರಿದವು, ಮಾವುತರು ಇಳಿದು ಓಡಬೇಕಾಯಿತು. ಅರ್ಜುನ ನಿಂತು ಕಾದಾಡಿ ಅಲ್ಲೇ ಸತ್ತ.

ಆಗ ನಾಡಿಗೆ ನಾಡೇ ಅತ್ತಿತು, ನಾನೂ ಕಣ್ಣೀರು ಹಾಕಿದೆ. ಆದರೆ ಅವತ್ತಿನಿಂದ ಒಂದು ಮಾತು ಎಲ್ಲ ಕಡೆ ಓಡಾಡೋಕೆ ಶುರುವಾಯಿತು, ತನ್ನ ಮಾವುತರನ್ನು ಉಳಿಸೋಕೆ ಅರ್ಜುನ ಪ್ರಾಣ ಕೊಟ್ಟ ಅಂತ. ಇರಬಹುದು. ಉಳಿದ ಆನೆಗಳು ಹಿಂದೆ ಸರಿದಾಗ ಇವನು ಸರಿಯದೆ ನಿಂತದ್ದಕ್ಕೆ ಬೇರೆ ಕಾರಣವೂ ಇರಬಹುದು. ಎದುರಿಗೆ ಬಂದ ಗಂಡಾನೆಗೆ ಜಾಗ ಬಿಟ್ಟುಕೊಡದ ಸ್ವಭಾವ ಇರಬಹುದು. ಅರ್ಜುನ 1996ರಲ್ಲಿ ಮನುಷ್ಯನೊಬ್ಬನ ಸಾವಿಗೆ ಕಾರಣನಾದಾಗ ಅದಕ್ಕೆ ಪುಂಡತನ ಅಂತ ಹೆಸರಿಟ್ಟವರೂ ನಾವೇ, 2023ರಲ್ಲಿ ತ್ಯಾಗ ಅಂತ ಹೆಸರಿಟ್ಟವರೂ ನಾವೇ. ಎರಡು ದಿನವೂ ಅವನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಅವನನ್ನು ಕೇಳೋಕೆ ಆಗುತ್ತಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಬಿಳಿ ಹುಲಿಗಳನ್ನು ಇಟ್ಟುಕೊಂಡು ಪ್ರದರ್ಶನ ಕೊಡುತ್ತಿದ್ದ ಸೀಗ್‌ಫ್ರೀಡ್ ಮತ್ತು ರಾಯ್ ಅನ್ನುವ ಜೋಡಿ ಇತ್ತು. 2003ರ ಅಕ್ಟೋಬರ್ 3, ರಾಯ್ ಹಾರ್ನ್‌ಗೆ 59 ತುಂಬಿದ ದಿನವೇ, ಮಾಂಟಕೋರ್ ಅನ್ನುವ ಹುಲಿ ವೇದಿಕೆಯ ಮೇಲೆ ಅವರ ಕುತ್ತಿಗೆಗೆ ಬಾಯಿ ಹಾಕಿ ಹಿಂದಕ್ಕೆ ಎಳೆದುಕೊಂಡು ಹೋಯಿತು. ಜೀವ ಉಳಿಯಿತು, ದೇಹದ ಒಂದು ಭಾಗ ಪಾರ್ಶ್ವವಾಯುವಾಯಿತು, ಆ ಪ್ರದರ್ಶನ ಅಲ್ಲಿಗೆ ನಿಂತಿತು. 2020ರಲ್ಲಿ ಸಾಯುವವರೆಗೂ ರಾಯ್ ಹೇಳುತ್ತಿದ್ದದ್ದು ಒಂದೇ. ತನಗೆ ಅಲ್ಲಿ ಹುಷಾರು ತಪ್ಪಿತ್ತು, ಮಾಂಟಕೋರ್ ತನ್ನನ್ನು ಎಳೆದು ಸುರಕ್ಷಿತ ಜಾಗಕ್ಕೆ ಒಯ್ಯುತ್ತಿತ್ತು ಅಂತ. ಅವರ ಜೊತೆ ಕೆಲಸ ಮಾಡಿದವರಲ್ಲೇ ಇದನ್ನು ಒಪ್ಪದವರಿದ್ದಾರೆ. ಹುಲಿಯನ್ನು ಕೊಲ್ಲಲಿಲ್ಲ, ಅದು 2014ರವರೆಗೆ ಬದುಕಿತ್ತು. ಮೊದಲು ಇದನ್ನು ಓದಿದಾಗ ಪಾಪ ಅನ್ನಿಸಿತ್ತು, ಆ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಾರೆ ಅಂತ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಮರಿಯಿಂದ ಸಾಕಿದ ಜೀವದ ಬಗ್ಗೆ 'ಅದು ನನ್ನನ್ನು ಕೊಲ್ಲೋಕೆ ಬಂತು' ಅಂತ ಒಪ್ಪಿಕೊಂಡರೆ ಹಿಂದಿನ ವರ್ಷಗಳೆಲ್ಲ ಏನಾಗಬೇಕು? ನಮ್ಮ ಮಾವುತರಿಗೆ ಈ ಕಷ್ಟ ಇಲ್ಲ ಅನ್ನಿಸುತ್ತದೆ, ಯಾಕೆಂದರೆ ಅವರು ಮೊದಲ ದಿನದಿಂದಲೇ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುತ್ತಾರೆ. ನನ್ನ ಆನೆಗೆ ನಾನು ಅಂದರೆ ಇಷ್ಟ. ನನ್ನ ಆನೆ ನನ್ನನ್ನು ಕೊಲ್ಲಬಹುದು. ಇವೆರಡೂ ಅವರ ಬಾಯಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ, ನಡುವೆ 'ಆದರೆ' ಇರುವುದಿಲ್ಲ.

ನಮಗೆ ಆ 'ಆದರೆ' ಬೇಕು, ಇಲ್ಲದಿದ್ದರೆ ಮೊದಲನೆಯದು ಮಾತ್ರ ಸಾಕು. ದಸರಾ ಆನೆಗಳು ಅರಮನೆಗೆ ಬಂದ ಮೇಲೆ ಸಂಜೆ ಅಲ್ಲಿ ಹೋಗಿ ನೋಡಿ. ದಂತಕ್ಕೆ ಕೈ ಹಾಕಿ ಫೋಟೋ, ಸೊಂಡಿಲು ಅಪ್ಪಿಕೊಂಡು ರೀಲ್ಸ್, ಕೂಸನ್ನು ಆನೆಯ ಕಾಲ ಸಂದಿಯಲ್ಲಿ ದಾಟಿಸಿದರೆ ಒಳ್ಳೆಯದಾಗುತ್ತದೆ ಅಂತ ಮಾವುತನ ಕೈಗೆ ದುಡ್ಡು ತುರುಕುವವರು. ಬೇಡ ಅಂದ ಮಾವುತ ಅವರ ಕಣ್ಣಿಗೆ ಒರಟ. ಒಂದು ಸಂಜೆ ದೊಡ್ಡ ಕ್ಯಾಮೆರಾ ಹಿಡಿದ ಒಬ್ಬರು ಕಾವಾಡಿ ಹುಡುಗನಿಗೆ, 'ಏನಯ್ಯಾ, ನಿಂದೇನಾ ಆನೆ' ಅಂತ ಜೋರು ಮಾಡುತ್ತಿದ್ದರು. ಹುಡುಗ ಅವರ ಕಡೆ ತಿರುಗಲೂ ಇಲ್ಲ. ಅವನು ಆನೆಯ ಕಿವಿಯನ್ನೇ ನೋಡುತ್ತಿದ್ದ, ಬೀಸುತ್ತಿದ್ದ ಕಿವಿ ನಿಂತಿತ್ತು. ಆನೆ ಏನನ್ನೋ ಗಮನಿಸುತ್ತಿದೆ ಅಂತ. ಎರಡು ಹೆಜ್ಜೆ ಮುಂದೆ ಬಂದು ಸೊಂಡಿಲಿಗೂ ಕ್ಯಾಮೆರಾಕ್ಕೂ ನಡುವೆ ತಾನು ನಿಂತುಕೊಂಡ. ಕ್ಯಾಮೆರಾದವರಿಗೆ ಫೋಟೋ ಹಾಳಾಯಿತು ಅಂತ ಸಿಟ್ಟು ಬಂತು ಅಷ್ಟೇ.

ಇನ್ನೊಂದು ಕಡೆ, ಕುಶನ ಕಥೆಯಲ್ಲಿ, ಪ್ರಾಣಿಪ್ರಿಯರ ಸರದಿ. ದುಬಾರೆಯಲ್ಲಿ ಪಳಗಿಸಿದ್ದ ಗಂಡಾನೆ ಅವನು. ಮೇಯೋಕೆ ಬಿಟ್ಟಾಗ ಕಾಡಾನೆಗಳ ಜೊತೆ ಸೇರಿ ಹೊರಟುಹೋದ, ವಾಪಸ್ ಬರಲಿಲ್ಲ. ಕಾವಾಡಿಗಳು ಹುಡುಕಿದ್ದೇ ಹುಡುಕಿದ್ದು. ಕೊನೆಗೆ 2021ರಲ್ಲಿ ಮತ್ತೆ ಹಿಡಿದು ತಂದು ಕ್ರಾಲ್‌ಗೆ ಹಾಕಿದರು. ಅವನ ಸರಪಳಿಯ ಫೋಟೋ ಹೊರಗೆ ಬಂತು, ದೇಶದೆಲ್ಲೆಡೆಯಿಂದ ಜನ ದನಿ ಎತ್ತಿದರು, ಕೊನೆಗೆ ಅದೇ ವರ್ಷ ಕುತ್ತಿಗೆಗೆ ರೇಡಿಯೋ ಕಾಲರ್ ಹಾಕಿ ಬಂಡೀಪುರದ ಕಾಡಿಗೆ ಬಿಟ್ಟರು. ಬಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ತನಗೇನು ಬೇಕು ಅನ್ನೋದನ್ನು ಅವನು ಸ್ಪಷ್ಟವಾಗಿ ನಡೆದು ತೋರಿಸಿದ್ದ. ಆದರೆ ಆಗ ಹರಿದಾಡಿದ ಮಾತುಗಳಲ್ಲಿ ಒಂದು ಊಹೆ ಇತ್ತು, ಪಳಗಿದ ಆನೆಗಳೆಲ್ಲ ಅವಕಾಶ ಸಿಕ್ಕರೆ ಓಡಿಹೋಗೋಕೆ ಕಾಯುತ್ತಿವೆ ಅಂತ. ಆ ಅವಕಾಶ ಪ್ರತಿ ರಾತ್ರಿ ಎಲ್ಲ ಆನೆಗಳಿಗೂ ಸಿಗುತ್ತದಲ್ಲ. ಆ ಸರಪಳಿ ಹೆಜ್ಜೆ ನಿಧಾನ ಮಾಡುತ್ತದೆ, ಕಾಡಿನಲ್ಲೇ ಉಳಿಯುವ ಮನಸ್ಸು ಮಾಡಿದ ಆನೆಯನ್ನು ನಿಲ್ಲಿಸುವುದಿಲ್ಲ. ಕುಶ ಹೋದ. ಉಳಿದವು ಬೆಳಿಗ್ಗೆ ಕೂಗಿದರೆ ಬರುತ್ತವೆ, ಗೊಣಗಿಕೊಂಡಾದರೂ. ಯಾಕೆ ಬರುತ್ತವೆ? ಮುದ್ದೆಯ ಆಸೆ, ಅಭ್ಯಾಸ, ಕೋಲಿನ ನೆನಪು, ಆ ಮನುಷ್ಯನ ದನಿ, ಇವುಗಳಲ್ಲಿ ಯಾವುದು ಎಷ್ಟು ಅಂತ ತೂಗಿ ಹೇಳುವ ತಕ್ಕಡಿ ನನ್ನ ಹತ್ತಿರ ಇಲ್ಲ. ನನ್ನ ಮಾವುತ ಗೆಳೆಯರನ್ನು ಕೇಳಿದರೆ, 'ಬತ್ತದೆ ಸಾರ್, ಅದ್ಕೇನು' ಅನ್ನುತ್ತಾರೆ.

ಹಾಸನ, ಕೊಡಗು, ಚಿಕ್ಕಮಗಳೂರು ಕಡೆ ಕಾಡು ತುಂಡಾಗಿ ಆನೆ ತೋಟಕ್ಕೆ ಬರುವುದು ನಿಂತಿಲ್ಲ, ನಿಲ್ಲುವ ಲಕ್ಷಣವೂ ಇಲ್ಲ. ಹಾಗಾಗಿ ಹಿಡಿಯುವುದೂ ನಿಲ್ಲುವುದಿಲ್ಲ, ಹಿಡಿದವುಗಳಲ್ಲಿ ಕೆಲವು ಶಿಬಿರಕ್ಕೆ ಬಂದೇ ಬರುತ್ತವೆ. ಅಂಥ ಆನೆಯ ಕತ್ತಿನ ಮೇಲೆ ಮೊದಲ ಸಲ ಯಾರೋ ಒಬ್ಬ ಹುಡುಗ ಕೂರಬೇಕು. ಕಳೆದ ಸಲ ಹೋದಾಗ ಆ ಜೇನುಕುರುಬರ ಮಾವುತರನ್ನು ನಿಮ್ಮ ಮಗನೂ ಈ ಕೆಲಸಕ್ಕೆ ಬರ್ತಾನಾ ಅಂತ ಕೇಳಿದೆ. ತಂದೆಯಿಂದ ಮಗನಿಗೆ ಬರುವ ಕೆಲಸ ಇದು, ಹೂಂ ಅಂತಾರೆ ಅಂದುಕೊಂಡಿದ್ದೆ. ಅವನು ಹುಣಸೂರಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನಂತೆ. ಬೇಡ ಅಂದವರು ಇವರೇ ಅಂತೆ. ಇಷ್ಟು ಪ್ರೀತಿ ಇಟ್ಟುಕೊಂಡು ಯಾಕಣ್ಣ ಅಂದೆ.

ಅವರು ಹುಲ್ಲಿನ ಸಿವುಡಿಗೆ ಬೆಲ್ಲ, ಭತ್ತ ಇಟ್ಟು ಕುಸುರೆ ಕಟ್ಟುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು.

'ಇವ್ನು ಹೆಂಗೆ ಅಂತ ನಂಗೊತ್ತು ಸಾರ್. ಅವ್ನಿಗೆ ಯಾವ ಆನೆ ಕೊಟ್ಟಾರೋ.'